ನೆಗಳೂರಿಗೆ ಬಿದ್ದ ಆಕಾಶದ ಕಲ್ಲು

ಸವಣೂರು ಆಗಿನ್ನೂ ನವಾಬರ ಸಂಸ್ಥಾನ. ಅದನ್ನು ಸುತ್ತುವರಿದ ಸೀಮೆಯೆಲ್ಲ ಕಂಪನಿ ಸರಕಾರದ ಧಾರವಾಡ ಜಿಲ್ಲೆಗೆ ಸೇರಿತ್ತು. ಸವಣೂರಿನಿಂದ ಪೂರ್ವಕ್ಕೆ, ವರದಾ ನದಿ ತುಂಗಭದ್ರೆಯನ್ನು ಸೇರುವ ಗಳಗನಾಥದ ಕಡೆಗೆ ಹೊರಟರೆ ಗುತ್ತಲದ ಬಳಿ ನೆಗಳೂರು ಎಂಬ ಹಳ್ಳಿ ಸಿಗುತ್ತದೆ. ನೇರ ಲೆಕ್ಕದಲ್ಲಿ ಸುಮಾರು ಮೂವತ್ತು ಕಿಲೋಮೀಟರ್. 1848ರ ಫೆಬ್ರುವರಿ 15ರಂದು, ಹಿಂಗಾರಿ ಜೋಳದ ಸುಗ್ಗಿಯ ದಿನಗಳಲ್ಲಿ, ಈ ಊರಿನ ನೆಲಕ್ಕೆ ಆಕಾಶದಿಂದ ಒಂದು ಕಲ್ಲು ಬಿದ್ದಿತು. ತೂಕ ಎರಡು ಕಿಲೋಗ್ರಾಮಿಗೆ ತುಸು ಕಡಿಮೆ. ಸುದ್ದಿ ಸರಕಾರಿ ಅಧಿಕಾರಿಗಳ ಮೂಲಕ ಮುಂಬಯಿಗೆ ತಲುಪಿ, ಅಲ್ಲಿ ಮೂರು ವರ್ಷಗಳ ಹಿಂದಷ್ಟೇ ಆರಂಭವಾಗಿದ್ದ ಗ್ರಾಂಟ್ ವೈದ್ಯಕೀಯ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕ ಹರ್ಬರ್ಟ್ ಜಿರಾಡ್ ಅದರ ಬಗ್ಗೆ ಬರೆದರು. ವಿದ್ವಾಂಸರ ಪಟ್ಟಿಗಳಿಗೆ ನೆಗಳೂರಿನ ಕಲ್ಲು ಸೇರಿದ್ದು ಹೀಗೆ.

ಆಕಾಶದಿಂದ ಕಲ್ಲು ಬೀಳುತ್ತದೆ ಎಂಬುದನ್ನು ಹಳ್ಳಿಯ ಜನ ಎಂದೂ ಸಂಶಯಿಸಿದವರಲ್ಲ. ಸಂಶಯವೆಲ್ಲ ಪಂಡಿತರದ್ದೇ ಆಗಿತ್ತು. ಇಂಥ ಕಲ್ಲುಗಳು ಭೂಮಿಯ ಹೊರಗಿನಿಂದ ಬರುತ್ತವೆ ಎಂದು ಜರ್ಮನಿಯ ಕ್ಲಾಡ್ನಿ 1794ರಲ್ಲಿ ಬರೆದಾಗ ನಕ್ಕವರೇ ಹೆಚ್ಚು. 1798ರ ಡಿಸೆಂಬರಿನಲ್ಲಿ ಕಾಶಿಯ ಬಳಿ ಕಲ್ಲುಗಳು ಬಿದ್ದವು. ಅವುಗಳ ಚೂರುಗಳನ್ನು ಇಂಗ್ಲೆಂಡಿನಲ್ಲಿ ಎಡ್ವರ್ಡ್ ಹೊವಾರ್ಡ್ ಪರೀಕ್ಷಿಸಿ, ಬೇರೆ ಬೇರೆ ದೇಶಗಳಲ್ಲಿ ಬಿದ್ದ ಇಂಥ ಕಲ್ಲುಗಳು ಒಂದನ್ನೊಂದು ಹೋಲುತ್ತವೆ, ಭೂಮಿಯ ಸಾಮಾನ್ಯ ಕಲ್ಲುಗಳನ್ನು ಹೋಲುವುದಿಲ್ಲ ಎಂದು 1802ರಲ್ಲಿ ತೋರಿಸಿದ. ಮರುವರ್ಷ ಫ್ರಾನ್ಸಿನ ಲೇಗ್ಲ್ ಎಂಬಲ್ಲಿ ಕಲ್ಲಿನ ಮಳೆಯೇ ಆದಾಗ ವಾದ ಮುಗಿಯಿತು. ನೆಗಳೂರಿನ ಕಲ್ಲು ಬೀಳುವ ಹೊತ್ತಿಗೆ ಈ ತಿಳಿವಳಿಕೆಗೆ ಅರ್ಧ ಶತಮಾನವೂ ಆಗಿರಲಿಲ್ಲ.

ಆದರೆ ಕಲ್ಲು ಹೊರಗಿನಿಂದ ಬಂತು ಎಂದು ಒಪ್ಪಿದ ಕೂಡಲೇ ಇನ್ನೊಂದು ಪ್ರಶ್ನೆ ಏಳುತ್ತದೆ. ಮಾಳಿಗೆಯಿಂದ ಬಿದ್ದ ಕಲ್ಲಿಗಿಂತ ಗೋಪುರದಿಂದ ಬಿದ್ದ ಕಲ್ಲಿಗೆ ರಭಸ ಹೆಚ್ಚು. ಲಕ್ಷಾಂತರ ಕಿಲೋಮೀಟರ್ ದೂರದಿಂದ ಬಿದ್ದ ಕಲ್ಲಿಗೆ ಇನ್ನೆಷ್ಟು ರಭಸವಿರಬೇಕು? ಅದು ನೆಲಕ್ಕೆ ತಾಗಿದಾಗ ತಾನೂ ಉಳಿಯಬಾರದು, ಸುತ್ತಲಿನ ಹೊಲವೂ ಉಳಿಯಬಾರದು. ನೆಗಳೂರಿನ ಕಲ್ಲಾದರೋ ತೂಗಿ ನೋಡುವಷ್ಟು, ಅರೆದು ಪರೀಕ್ಷಿಸುವಷ್ಟು ಉಳಿಯಿತು. ಇದು ಹೇಗೆ ಸಾಧ್ಯವಾಯಿತು ಎಂಬುದನ್ನು ಅರಿಯಲು ವಸ್ತುಗಳು ಬೀಳುವ ಬಗೆಯನ್ನೇ ಮೊದಲಿನಿಂದ ನೋಡಬೇಕಾಗುತ್ತದೆ. ಅದಕ್ಕೆ ಬೇಕಾದ ಸಾಮಾನುಗಳು ಸವಣೂರಿನ ಯಾವ ಮನೆಯಲ್ಲೂ ಸಿಗುವಂಥವೇ.

ಸವಣೂರು ವೀಳ್ಯದೆಲೆಗೆ ಹೆಸರಾದ ಊರು. ಒಂದು ಕೈಯಲ್ಲಿ ಎಲೆ, ಇನ್ನೊಂದು ಕೈಯಲ್ಲಿ ಗೋಟಡಿಕೆ ಹಿಡಿದು ಎದೆಮಟ್ಟದಿಂದ ಒಮ್ಮೆಗೇ ಬಿಟ್ಟರೆ ಅಡಿಕೆ ಟಕ್ಕೆಂದು ನೆಲ ಸೇರುತ್ತದೆ. ಎಲೆ ಅತ್ತಿತ್ತ ಓಲಾಡುತ್ತ, ಆತುರವೇ ಇಲ್ಲದಂತೆ ಇಳಿಯುತ್ತದೆ. ಇದನ್ನು ಕಂಡವರು ಭಾರದ ವಸ್ತು ಬೇಗ ಬೀಳುತ್ತದೆ, ಹಗುರವಾದದ್ದು ತಡವಾಗಿ ಬೀಳುತ್ತದೆ ಎಂದು ತೀರ್ಮಾನಿಸಿದರೆ ತಪ್ಪೆನ್ನಲಾಗದು. ಗ್ರೀಸಿನ ಅರಿಸ್ಟಾಟಲ್ ಹೇಳಿದ್ದೂ ಅದನ್ನೇ, ಸುಮಾರು ಎರಡು ಸಾವಿರ ವರ್ಷ ಯುರೋಪಿನ ವಿದ್ಯಾಶಾಲೆಗಳು ಕಲಿಸಿದ್ದೂ ಅದನ್ನೇ. ಅವನನ್ನು ಮೂರ್ಖನೆಂದು ಗೇಲಿ ಮಾಡುವುದು ಶಾಲಾ ಪುಸ್ತಕಗಳ ಚಾಳಿ. ಅವನು ಕಣ್ಣಿಗೆ ಕಂಡದ್ದನ್ನೇ ಹೇಳಿದ್ದ, ಆದರೆ ಮುಂದಿನ ಹೆಜ್ಜೆ ಇಡಲಿಲ್ಲ.

ಆ ಹೆಜ್ಜೆ ಬಹಳ ಸುಲಭ. ಅದೇ ಎಲೆಯನ್ನು ಮಡಿಚಿ, ಬೀಡಾದಂತೆ ಬಿಗಿಯಾಗಿ ಸುತ್ತಿ ಬಿಟ್ಟರೆ ಅದು ಅಡಿಕೆಯ ಬೆನ್ನ ಹಿಂದೆಯೇ ನೆಲ ಮುಟ್ಟುತ್ತದೆ. ಎಲೆಯ ತೂಕ ಒಂದು ಗುಂಜಿಯಷ್ಟೂ ಹೆಚ್ಚಾಗಿಲ್ಲ. ಬದಲಾದದ್ದು ಅದು ಗಾಳಿಗೆ ಒಡ್ಡಿದ ಹರವು ಮಾತ್ರ. ಇನ್ನೂ ಚೆಂದದ ಪರೀಕ್ಷೆ ಬೇಕಿದ್ದರೆ ಎಲೆಯಿಂದ ನಾಣ್ಯಕ್ಕಿಂತ ಕಿರಿದಾದ ಚೂರೊಂದನ್ನು ಹರಿದು ನಾಣ್ಯದ ಮೇಲೆ ಇಟ್ಟು, ನಾಣ್ಯವನ್ನು ಮಟ್ಟಸವಾಗಿ ಕೈಬಿಡಬೇಕು. ಎಲೆಚೂರು ನಾಣ್ಯದ ಮೇಲೆ ಕುಳಿತ ಹಾಗೆಯೇ ಕೆಳಗಿಳಿಯುತ್ತದೆ. ಗಾಳಿಯನ್ನು ಸೀಳುವ ಕೆಲಸವನ್ನು ನಾಣ್ಯ ವಹಿಸಿಕೊಂಡಿದೆ. ಹಿಂದೆ ಕುಳಿತ ಚೂರಿಗೆ ಅಡ್ಡಿಯೇ ಇಲ್ಲ.

ಭೂಮಿ ವಸ್ತುಗಳನ್ನು ತನ್ನತ್ತ ಎಳೆಯುತ್ತದೆ ಎಂಬ ಮಾತು ನಮ್ಮ ನಾಡಿಗೆ ಹೊಸದಲ್ಲ. 1150ರಲ್ಲಿ ಸಿದ್ಧಾಂತ ಶಿರೋಮಣಿ ಬರೆದ ಭಾಸ್ಕರಾಚಾರ್ಯರು, ಭೂಮಿಗೆ ಆಕರ್ಷಿಸುವ ಶಕ್ತಿಯಿದೆ, ಆಕಾಶದಲ್ಲಿರುವ ಭಾರವಸ್ತುವನ್ನು ಅದು ತನ್ನೆಡೆಗೆ ಸೆಳೆಯುವುದರಿಂದಲೇ ಅದು ಬಿದ್ದಂತೆ ಕಾಣುತ್ತದೆ ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ಸುತ್ತಲೂ ಸಮನಾದ ಆಕಾಶವಿರುವಾಗ ಭೂಮಿ ಎತ್ತ ಬೀಳಬೇಕು ಎಂಬ ಅವರ ಪ್ರಶ್ನೆ ಇಂದಿಗೂ ಸೊಗಸಾಗಿದೆ. ಅವರ ಊರಾದ ವಿಜ್ಜಲವಿಡ ಇಂದಿನ ವಿಜಾಪುರವೇ ಎಂದು ಕೆಲವರು, ಮಹಾರಾಷ್ಟ್ರದ ಚಾಳಿಸಗಾಂವ ಹತ್ತಿರದ ಪಾಟಣವೆಂದು ಇನ್ನು ಕೆಲವರು ವಾದಿಸುತ್ತಾರೆ. ಹಾಗೆಂದು ನ್ಯೂಟನ್ನನ ಸಿದ್ಧಾಂತವನ್ನೆಲ್ಲ ಭಾಸ್ಕರರೇ ಹೇಳಿಬಿಟ್ಟಿದ್ದರು ಎನ್ನುವುದು ಅಭಿಮಾನದ ಅತಿರೇಕ. ಬೀಳುವ ವಸ್ತುವಿನ ವೇಗ ಕ್ಷಣಕ್ಷಣಕ್ಕೆ ಎಷ್ಟು ಏರುತ್ತದೆ ಎಂಬ ಲೆಕ್ಕ ಅಲ್ಲಿಲ್ಲ.

ಹಾಲೆಂಡಿನ ಸೈಮನ್ ಸ್ಟೆವಿನ್ ಒಂದಕ್ಕಿಂತ ಇನ್ನೊಂದು ಹತ್ತು ಪಟ್ಟು ಭಾರವಿದ್ದ ಎರಡು ಸೀಸದ ಗುಂಡುಗಳನ್ನು ಮೂವತ್ತು ಅಡಿ ಎತ್ತರದಿಂದ ಹಲಗೆಯ ಮೇಲೆ ಬೀಳಿಸಿ, ಎರಡೂ ಒಂದೇ ಸದ್ದು ಮಾಡಿದಂತೆ ಬಿದ್ದವೆಂದು 1586ರಲ್ಲಿ ಬರೆದ. ಪೀಸಾ ನಗರದ ವಾಲು ಗೋಪುರದಿಂದ ಗೆಲಿಲಿಯೊ ಗುಂಡು ಬೀಳಿಸಿದ ಕಥೆಗೆ ಇದಕ್ಕಿಂತ ಹೆಚ್ಚು ಪ್ರಚಾರವಿದೆ, ಆದರೆ ಆಧಾರ ಕಡಿಮೆ. ಅದನ್ನು ಬರೆದಿಟ್ಟವನು ಶಿಷ್ಯ ವಿವಿಯಾನಿ. ಗೆಲಿಲಿಯೊನ ನಿಜವಾದ ಕೆಲಸ ಗೋಪುರದ ಮೇಲಲ್ಲ, ಇಳಿಜಾರು ಹಲಗೆಯ ಮೇಲೆ ನಡೆಯಿತು. ನೇರ ಬೀಳುವ ಗುಂಡನ್ನು ಅಳೆಯುವಷ್ಟು ಚುರುಕಿನ ಗಡಿಯಾರ ಆಗ ಇರಲಿಲ್ಲ. ಆದ್ದರಿಂದ ಅವನು ಗುಂಡನ್ನು ಹಲಗೆಯ ಮೇಲೆ ಉರುಳಿಸಿ ಬೀಳುವಿಕೆಯನ್ನೇ ನಿಧಾನಗೊಳಿಸಿದ, ಪಾತ್ರೆಯಿಂದ ಸೋರಿದ ನೀರನ್ನು ತೂಗಿ ಸಮಯವನ್ನು ಅಳೆದ. 1638ರಲ್ಲಿ ಪ್ರಕಟವಾದ ಅವನ ಕೊನೆಯ ದೊಡ್ಡ ಗ್ರಂಥದಲ್ಲಿ ಫಲಿತಾಂಶವಿದೆ. ಸಮಾನ ಕಾಲಾವಧಿಗಳಲ್ಲಿ ವಸ್ತು ಕ್ರಮಿಸುವ ದೂರ ಒಂದು, ಮೂರು, ಐದು, ಏಳು ಹೀಗೆ ಬೆಸಸಂಖ್ಯೆಗಳಲ್ಲಿ ಹೆಚ್ಚುತ್ತದೆ.

ಇಂದಿನ ಅಳತೆಯಲ್ಲಿ ಹೇಳುವುದಾದರೆ, ಗಾಳಿಯ ಅಡ್ಡಿ ಇಲ್ಲದಿದ್ದರೆ ಕೈಬಿಟ್ಟ ಕಲ್ಲು ಮೊದಲ ಸೆಕೆಂಡಿನಲ್ಲಿ 4.9 ಮೀಟರ್, ಎರಡನೆಯದರಲ್ಲಿ 14.7 ಮೀಟರ್, ಮೂರನೆಯದರಲ್ಲಿ 24.5 ಮೀಟರ್ ಇಳಿಯುತ್ತದೆ. ಪ್ರತಿ ಸೆಕೆಂಡಿಗೂ ಅದರ ವೇಗ ಸೆಕೆಂಡಿಗೆ 9.8 ಮೀಟರಿನಷ್ಟು ಏರುತ್ತ ಹೋಗುತ್ತದೆ. ಕಲ್ಲು ಎಷ್ಟೇ ಭಾರವಿದ್ದರೂ ಈ ಏರಿಕೆ ಒಂದೇ. ಭಾರದ ಕಲ್ಲನ್ನು ಭೂಮಿ ಹೆಚ್ಚು ಬಲದಿಂದ ಎಳೆಯುತ್ತದೆ ನಿಜ, ಆದರೆ ಅದನ್ನು ಅಲುಗಿಸಲು ಅಷ್ಟೇ ಹೆಚ್ಚು ಬಲ ಬೇಕು. ಎತ್ತಿನ ಗಾಡಿಗೆ ಹೊರೆ ಹತ್ತು ಪಟ್ಟು ಹೇರಿ ಎತ್ತುಗಳನ್ನೂ ಹತ್ತು ಪಟ್ಟು ಕಟ್ಟಿದಂತೆ. ಗಾಡಿಯ ಓಟದಲ್ಲಿ ವ್ಯತ್ಯಾಸವಾಗುವುದಿಲ್ಲ.

ಜೋಗದಲ್ಲಿ ಈ ಲೆಕ್ಕವನ್ನು ಹಾಕಿ ನೋಡಬಹುದು. 1856ರಲ್ಲಿ ನೌಕಾಪಡೆಯ ಅಧಿಕಾರಿಗಳು ಅಳೆದಾಗ ರಾಜಾ ಧಾರೆಯ ಎತ್ತರ 829 ಅಡಿ ಎಂದು ಕಂಡುಬಂದಿತ್ತು, ಎಂದರೆ 253 ಮೀಟರ್. ಗಾಳಿಯಿಲ್ಲದಿದ್ದರೆ ಅಲ್ಲಿಂದ ಬಿಟ್ಟ ಕಲ್ಲು 7.2 ಸೆಕೆಂಡಿನಲ್ಲಿ ತಳ ಮುಟ್ಟಬೇಕು, ಆಗ ಅದರ ವೇಗ ಸೆಕೆಂಡಿಗೆ 70 ಮೀಟರ್. ಗಾಳಿಯಿರುವುದರಿಂದ ಮುಷ್ಟಿ ಗಾತ್ರದ ಕಲ್ಲು ತಳ ಸೇರುವಾಗ ಐವತ್ತು ಚಿಲ್ಲರೆ ಮೀಟರಿನ ವೇಗದಲ್ಲಷ್ಟೇ ಇರುತ್ತದೆ. ಧಾರೆಯ ನೀರಿನ ಪಾಡು ಇನ್ನೂ ಬೇರೆ. ಬಂಡೆಯ ಅಂಚು ಬಿಟ್ಟಾಗ ಗಟ್ಟಿಯಾಗಿದ್ದ ನೀರು ಬೀಳುತ್ತ ಬೀಳುತ್ತ ಹನಿಯಾಗಿ, ತುಂತುರಾಗಿ ಒಡೆಯುತ್ತದೆ. ಹನಿ ಚಿಕ್ಕದಾದಷ್ಟೂ ಗಾಳಿಯ ಹಿಡಿತ ಹೆಚ್ಚು. ಬೇಸಿಗೆಯಲ್ಲಿ ನೀರು ತೆಳುವಾದಾಗ ಒಂದಷ್ಟು ಭಾಗ ತಳ ಸೇರದೆ ಗಾಳಿಯಲ್ಲೇ ತೇಲಿಹೋಗುವುದನ್ನು ಕಂಡವರು ಬಹಳ ಮಂದಿ.

ಗಾಳಿಯ ಈ ತಡೆಯನ್ನು ಮೊದಲು ಗಂಭೀರವಾಗಿ ಅಳೆದವನು ನ್ಯೂಟನ್. 1710ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಒಳಗೆ 220 ಅಡಿ ಎತ್ತರದಿಂದ ಗಾಜಿನ ಬುರುಡೆಗಳನ್ನು ಬೀಳಿಸಿದರು. ಪಾದರಸ ತುಂಬಿದವು ಸುಮಾರು ನಾಲ್ಕು ಸೆಕೆಂಡಿನಲ್ಲಿ ಬಿದ್ದವು. ಬರಿದಾದವು ಎಂಟು ಸೆಕೆಂಡು ತೆಗೆದುಕೊಂಡವು. ಗಾಳಿಯೇ ಇಲ್ಲದಿದ್ದರೆ ಎರಡಕ್ಕೂ 3.7 ಸೆಕೆಂಡು ಸಾಕಾಗಿತ್ತು. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಮುಮ್ಮಡಿಯಾದರೆ ಒಂಬತ್ತು ಪಟ್ಟು. ಬೀಳುವ ವಸ್ತುವಿನ ವೇಗ ಏರಿದಂತೆ ತಡೆಯೂ ಏರಿ, ಒಂದು ಹಂತದಲ್ಲಿ ವಸ್ತುವಿನ ತೂಕಕ್ಕೆ ಸಮನಾಗಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ವೇಗ ಏರುವುದಿಲ್ಲ. ಇದನ್ನು ಅಂತಿಮ ವೇಗ ಎನ್ನುತ್ತಾರೆ. ವೀಳ್ಯದೆಲೆ ಗೇಣುದ್ದ ಇಳಿಯುವಷ್ಟರಲ್ಲೇ ಈ ಹಂತ ತಲುಪಿಬಿಡುತ್ತದೆ. ಪಾದರಸದ ಗುಂಡಿಗೆ ಚರ್ಚಿನ ಎತ್ತರ ಸಾಲಲಿಲ್ಲ.

ರೈತನಿಗೆ ಈ ವಿಷಯ ಬರೀ ಪುಸ್ತಕದ್ದಲ್ಲ. ಎರಡು ಕಿಲೋಮೀಟರ್ ಎತ್ತರದ ಮೋಡದಿಂದ ಹೊರಟ ಮಳೆಹನಿ ಗಾಳಿಯ ತಡೆ ಇಲ್ಲದೆ ಬಿದ್ದರೆ ನೆಲ ಮುಟ್ಟುವಾಗ ಗಂಟೆಗೆ 700 ಕಿಲೋಮೀಟರ್ ವೇಗದಲ್ಲಿರುತ್ತಿತ್ತು. ಅಂಥ ಮಳೆಗೆ ಸವಣೂರಿನ ಎಲೆದೋಟದಲ್ಲಿ ಒಂದು ಎಲೆಯೂ ತೂತಿಲ್ಲದೆ ಉಳಿಯದು, ಹೊಲದ ಮೇಲ್ಮಣ್ಣು ಒಂದೇ ಮುಂಗಾರಿಗೆ ಕೊಚ್ಚಿಹೋದೀತು. ಎರಡು ಮಿಲಿಮೀಟರ್ ಅಗಲದ ಹನಿ ವಾಸ್ತವದಲ್ಲಿ ಸೆಕೆಂಡಿಗೆ ಆರೂವರೆ ಮೀಟರ್ ವೇಗದಲ್ಲಿ ಬೀಳುತ್ತದೆ. ದಪ್ಪ ಹನಿಯೂ ಒಂಬತ್ತು ಮೀಟರ್ ದಾಟುವುದು ಅಪರೂಪ. ಆಲಿಕಲ್ಲು ಹನಿಗಿಂತ ದೊಡ್ಡದು, ಹನಿಯಂತೆ ಒಡೆಯುವುದೂ ಇಲ್ಲ. ಆದ್ದರಿಂದಲೇ ಅದರ ಅಂತಿಮ ವೇಗ ಹೆಚ್ಚು, ಅದು ಮಾಡುವ ಹಾನಿಯೂ ಹೆಚ್ಚು.

ಈಗ ನೆಗಳೂರಿನ ಕಲ್ಲಿಗೆ ಮರಳಬಹುದು. ಭೂಮಿಯ ಸೆಳೆತ ದೂರ ಹೋದಂತೆ ಕುಗ್ಗುವುದರಿಂದ ಎಷ್ಟೇ ದೂರದಿಂದ ಬಿದ್ದರೂ ಆ ಸೆಳೆತವೊಂದೇ ಕೊಡಬಲ್ಲ ವೇಗಕ್ಕೆ ಮಿತಿಯಿದೆ. ಅದು ಸೆಕೆಂಡಿಗೆ 11.2 ಕಿಲೋಮೀಟರ್. ಸೂರ್ಯನ ಸುತ್ತ ತಿರುಗುತ್ತಿರುವ ಕಲ್ಲಿಗೆ ಸ್ವಂತ ವೇಗವೂ ಇರುವುದರಿಂದ ಯಾವ ಉಲ್ಕೆಯೂ ಇದಕ್ಕಿಂತ ಕಡಿಮೆ ವೇಗದಲ್ಲಿ ನಮ್ಮ ವಾತಾವರಣವನ್ನು ಹೊಗುವುದಿಲ್ಲ. ನೆಗಳೂರಿನಲ್ಲಿ ಸಿಕ್ಕ ತುಂಡು ಆ ವೇಗದಲ್ಲೇ ನೆಲಕ್ಕೆ ಅಪ್ಪಳಿಸಿದ್ದರೆ ಸುಮಾರು 25 ಕಿಲೋಗ್ರಾಂ ಸಿಡಿಮದ್ದು ಸಿಡಿದಷ್ಟು ಅನಾಹುತವಾಗುತ್ತಿತ್ತು.

ಅದನ್ನು ತಡೆದದ್ದು ಗಾಳಿ. ನೆಲದಿಂದ ನೂರು ಕಿಲೋಮೀಟರ್ ಮೇಲೆ, ಗಾಳಿ ಇದೆಯೋ ಇಲ್ಲವೋ ಎಂಬಷ್ಟು ತೆಳುವಾಗಿರುವ ಕಡೆಯೇ ಕಲ್ಲಿಗೆ ಅಡ್ಡಿ ಶುರುವಾಗುತ್ತದೆ. ವೇಗ ಸಾಮಾನ್ಯ ಕಲ್ಲಿಗಿಂತ ಸಾವಿರಾರು ಪಟ್ಟು ಹೆಚ್ಚಿರುವಾಗ ತಡೆ ಕೋಟಿಗಟ್ಟಲೆ ಪಟ್ಟು ಹೆಚ್ಚುತ್ತದೆ. ಮುಂದಿನ ಗಾಳಿ ಪಕ್ಕಕ್ಕೆ ಸರಿಯಲು ಪುರುಸೊತ್ತಿಲ್ಲದೆ ಒತ್ತಿ ಕಾಯುತ್ತದೆ, ಕಲ್ಲಿನ ಮೈ ಕರಗಿ ಹಾರಿಹೋಗುತ್ತದೆ, ಎಷ್ಟೋ ಸಲ ಕಲ್ಲೇ ಒಡೆಯುತ್ತದೆ. ನೆಲದ ಮೇಲಿನವರಿಗೆ ಬೆಂಕಿಯ ಚೆಂಡು ಕಾಣುತ್ತದೆ, ತೋಪು ಹಾರಿಸಿದ ಸದ್ದು ಕೇಳುತ್ತದೆ. ಹದಿನೈದಿಪ್ಪತ್ತು ಕಿಲೋಮೀಟರ್ ಎತ್ತರಕ್ಕೆ ಇಳಿಯುವಷ್ಟರಲ್ಲಿ ಚಿಕ್ಕ ಕಲ್ಲುಗಳ ಆಕಾಶದ ವೇಗವೆಲ್ಲ ಕಳೆದುಹೋಗಿರುತ್ತದೆ. ಬೆಳಕು ಆರುತ್ತದೆ. ಅಲ್ಲಿಂದ ಮುಂದೆ ಅದು ಯಾರೋ ಮೇಲಿನಿಂದ ಕೈಬಿಟ್ಟ ಕಲ್ಲು ಮಾತ್ರ. ಕತ್ತಲಲ್ಲಿ ಬಿದ್ದಂತೆ, ಕಾಣದೆ, ಒಂದೆರಡು ನಿಮಿಷ ಇಳಿಯುತ್ತದೆ.

ಎರಡು ಕಿಲೋಗ್ರಾಮಿನ ಒಳಗಿನ ಇಂಥ ಕಲ್ಲಿನ ಅಂತಿಮ ವೇಗ ಸೆಕೆಂಡಿಗೆ 80ರಿಂದ 90 ಮೀಟರ್. ತಲೆಯ ಮೇಲೆ ಬಿದ್ದರೆ ಸಾವು ಖಚಿತ, ಮೆತ್ತನೆಯ ಹೊಲದಲ್ಲಿ ಬಿದ್ದರೆ ಕಿರಿದೊಂದು ಗುಂಡಿ. ಗಾಳಿಯಿಲ್ಲದ ಕಡೆ ಮುನ್ನೂರು ಚಿಲ್ಲರೆ ಮೀಟರ್ ಎತ್ತರದಿಂದ ಬಿಟ್ಟ ಕಲ್ಲಿಗೂ ಇಷ್ಟೇ ವೇಗ ಬರುತ್ತದೆ. ಅಂದರೆ ಗ್ರಹಗಳ ನಡುವಿನಿಂದ ಬಂದ ಕಲ್ಲು ನೆಗಳೂರಿನ ಪಾಲಿಗೆ ಜೋಗಕ್ಕಿಂತ ತುಸು ಎತ್ತರದ ಕಡೆಯಿಂದ ಬಿದ್ದ ಕಲ್ಲಾಯಿತು. ಇಂಥ ಕಲ್ಲುಗಳು ಕೆಂಡದಂತೆ ಸುಡುತ್ತಿರುತ್ತವೆ ಎಂಬ ನಂಬಿಕೆ ವ್ಯಾಪಕವಾಗಿದ್ದರೂ ಸರಿಯಲ್ಲ. ಉರಿಯುವುದು ಕೆಲವೇ ಸೆಕೆಂಡು, ಬಿಸಿ ಒಳಕ್ಕೆ ಇಳಿಯುವ ಮೊದಲೇ ಕರಗಿದ ಪದರ ಕಳಚಿರುತ್ತದೆ. ಉಳಿಯುವುದು ಮೇಲಿನ ಕರಿಯ ತೆಳು ಸಿಪ್ಪೆ.

ಗಾಳಿಯನ್ನೇ ತೆಗೆದು ಭೂಮಿಯ ಸೆಳೆತವನ್ನು ಅಳೆಯುವ ಕೆಲಸವೂ ಆಮೇಲಿನ ಇಪ್ಪತ್ತೈದು ವರ್ಷಗಳಲ್ಲಿ ಕನ್ನಡ ನಾಡಿನಲ್ಲಿ ನಡೆಯಿತು. ಅದನ್ನು ಮಾಡಿದವನು ಭಾರತದ ಮಹಾ ತ್ರಿಕೋನಮಿತಿ ಸರ್ವೆಯ ಕ್ಯಾಪ್ಟನ್ ಜೇಮ್ಸ್ ಪಲ್ಲಾಡಿಯೊ ಬಸೇವಿ. ಲೋಲಕದ ಪ್ರತಿ ತೂಗೂ ಒಂದು ಪುಟ್ಟ ಬೀಳುವಿಕೆಯೇ. ಸೆಳೆತ ಹೆಚ್ಚಿರುವ ಕಡೆ ಅದು ಚುರುಕಾಗಿ ತೂಗುತ್ತದೆ. ಭೂಮಧ್ಯರೇಖೆಯಲ್ಲಿ ದಿನಕ್ಕೆ 86,400 ಬಾರಿ ತೂಗುವ ಲೋಲಕವನ್ನು ಧ್ರುವಕ್ಕೆ ಒಯ್ದರೆ ಸುಮಾರು 225 ತೂಗು ಹೆಚ್ಚಾಗುತ್ತದೆ. ಒಂದೊಂದು ತೂಗಿನ ವ್ಯತ್ಯಾಸವನ್ನೂ ಹಿಡಿಯಬೇಕೆಂದರೆ ಗಾಳಿಯ ಗೊಡವೆ ಇರಬಾರದು. ಅದಕ್ಕಾಗಿ ರಾಯಲ್ ಸೊಸೈಟಿ ಎರವಲು ಕೊಟ್ಟ ಹಿತ್ತಾಳೆಯ ಲೋಲಕಗಳನ್ನು ಗಾಳಿ ಹೀರಿ ತೆಗೆದ ಪಾತ್ರೆಯೊಳಗೆ ತೂಗಿಸಲಾಯಿತು. 1865ರಲ್ಲಿ ಕೆಲಸ ಶುರುವಾಯಿತು. ಬೆಂಗಳೂರಿನ ಬಳಿ ಎರಡು ಕಡೆ, ಮಂಗಳೂರಿನಲ್ಲಿ, ಹಾಗೂ 1956ರವರೆಗೆ ಗುಲ್ಬರ್ಗ ಜಿಲ್ಲೆಯಲ್ಲಿದ್ದು ಈಗ ತೆಲಂಗಾಣಕ್ಕೆ ಸೇರಿರುವ ಕೊಡಂಗಲ್ಲಿನಲ್ಲಿ ಬಸೇವಿ ಲೋಲಕಗಳನ್ನು ತೂಗಿಸಿದ. ಆ ಭಾರದ ಪೆಟ್ಟಿಗೆಗಳನ್ನು ಹೊತ್ತವರ, ಡೇರೆ ಹಾಕಿದವರ ಹೆಸರುಗಳು ಎಂದಿನಂತೆ ದಾಖಲೆಯಲ್ಲಿ ಎದ್ದು ಕಾಣುವುದಿಲ್ಲ.

ಕರಾವಳಿಯಲ್ಲಿ ಸೆಳೆತ ಎಣಿಸಿದ್ದಕ್ಕಿಂತ ಹೆಚ್ಚು, ಹಿಮಾಲಯದಲ್ಲಿ ಎಣಿಸಿದ್ದಕ್ಕಿಂತ ಕಡಿಮೆ ಎಂಬುದು ಈ ಅಳತೆಗಳಿಂದ ಹೊರಬಂತು. ಅಷ್ಟು ದೊಡ್ಡ ಪರ್ವತರಾಶಿ ಇದ್ದೂ ಸೆಳೆತ ಕಡಿಮೆಯೆಂದರೆ ಅದರ ಬುಡದ ಬಂಡೆ ಹಗುರವಾಗಿರಬೇಕು ಎಂಬ ವಾದಕ್ಕೆ ಇದರಿಂದ ಬಲ ಬಂತು. ಇನ್ನಷ್ಟು ಎತ್ತರದಲ್ಲಿ ಅಳೆಯಲೆಂದು ಬಸೇವಿ ಲಡಾಖಿನ ಮೋರೆ ಬಯಲಿಗೆ ಹೋದ. ಅಲ್ಲಿನ ಚಳಿ, ಬಳಲಿಕೆಗೆ ಸಿಕ್ಕಿ 1871ರ ಜುಲೈ 17ರಂದು ತೀರಿಕೊಂಡ. ಉಳಿದ ಕೆಲಸವನ್ನು ಹೆವಿಸೈಡ್ ಎಂಬ ಇನ್ನೊಬ್ಬ ಅಧಿಕಾರಿ ಮುಗಿಸಿದ.

ಅದಾಗಿ ನೂರು ವರ್ಷ, ಹದಿನಾರು ದಿನಗಳ ಮೇಲೆ, 1971ರ ಆಗಸ್ಟ್ 2ರಂದು, ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಒಂದು ಕೈಯಿಂದ 1.32 ಕಿಲೋಗ್ರಾಂ ಸುತ್ತಿಗೆಯನ್ನೂ ಇನ್ನೊಂದು ಕೈಯಿಂದ ಡೇಗೆಯ ಗರಿಯನ್ನೂ ಕೈಬಿಟ್ಟ. ಚಂದ್ರನ ಸೆಳೆತ ಭೂಮಿಯ ಆರನೆಯ ಒಂದು ಪಾಲು, ಗಾಳಿಯಂತೂ ಇಲ್ಲ. ಎರಡೂ ನಿಧಾನವಾಗಿ, ಜೊತೆಜೊತೆಯಾಗಿ ಇಳಿದು ಒಂದೇ ಕ್ಷಣಕ್ಕೆ ಧೂಳು ಮುಟ್ಟಿದವು. ಟಿ.ವಿ.ಯಲ್ಲಿ ನೋಡಿದವರಿಗೆ ಅಚ್ಚರಿಯೆನಿಸಿದರೂ ಅಲ್ಲಿ ಸವಣೂರಿನ ಎಲೆ, ಅಡಿಕೆ ಬಿಟ್ಟಿದ್ದರೂ ಹಾಗೆಯೇ ಆಗುತ್ತಿತ್ತು. ಅದೇ ಗಾಳಿ ಇಲ್ಲದ ಕಾರಣಕ್ಕೆ ಚಂದ್ರನ ಮೈ ಕುಳಿಗಳಿಂದ ತುಂಬಿದೆ. ನೆಗಳೂರಿನ ಕಲ್ಲಿನಂಥವು ಅಲ್ಲಿ ತಮ್ಮ ಪೂರ್ತಿ ವೇಗದಲ್ಲೇ ಬಂದು ಬೀಳುತ್ತವೆ, ಕಲ್ಲಾಗಿ ಉಳಿಯುವುದಿಲ್ಲ.

ನೆಗಳೂರಿನದು ಕಾಂಡ್ರೈಟ್ ಎಂಬ ಜಾತಿಯ ಶಿಲೆ. ಸೌರವ್ಯೂಹ ರೂಪುಗೊಂಡ ಕಾಲದ, 450 ಕೋಟಿ ವರ್ಷಕ್ಕೂ ಹಳೆಯದಾದ ವಸ್ತು ಇಂಥ ಶಿಲೆಗಳಲ್ಲಿ ಇರುತ್ತದೆ. ಉಲ್ಕಾಶಿಲೆಗೆ ಅದು ಬಿದ್ದ ಊರಿನ ಹೆಸರನ್ನೇ ಇಡುವುದು ರೂಢಿ. 1865ರಲ್ಲಿ ಮದ್ದೂರಿನ ಕಡೆ, 1866ರಲ್ಲಿ ಉಡುಪಿಯ ಕಡೆ ಬಿದ್ದ ಕಲ್ಲುಗಳು ಆಯಾ ಊರಿನ ಹೆಸರಿನಲ್ಲೇ ಜಗತ್ತಿನ ಪಟ್ಟಿಯಲ್ಲಿವೆ. ನೆಗಳೂರಿನ ಕಲ್ಲಿಗೆ ಮಾತ್ರ ಅಂದಿನ ಜಿಲ್ಲೆಯ ಹೆಸರು ಅಂಟಿಕೊಂಡಿತು. ಊರು 1997ರಿಂದ ಹಾವೇರಿ ಜಿಲ್ಲೆಯಲ್ಲಿದೆ, ಕಲ್ಲು ಪಟ್ಟಿಯಲ್ಲಿ ಇಂದಿಗೂ 'ಧಾರವಾಡ'.